ಮರಳಿನ ಬಕೆಟ್ ಲೆಕ್ಕದಲ್ಲಿದೆ, ಗೇಟ್ ಕೀಪರ್ ಇಲ್ಲ: ಕಾರ್ಮಿಕ ಸಚಿವರಿಗೂ ಜಿಲ್ಲಾಧಿಕಾರಿಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ ಮತ್ತು ರಾಜ್ಯದ ಎಲ್ಲ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ.

ನಾನು ಹಾಸನ ಜಿಲ್ಲೆಯ ಒಂದು ತಾಲೂಕು ಊರಿನವನು. 1988ರಿಂದ 2020ರವರೆಗೆ ನಮ್ಮೂರಿನ ಟಾಕೀಸಿನಲ್ಲಿ ಗೇಟ್ ಕೀಪರ್ ಆಗಿದ್ದೆ. ಟಿಕೆಟ್ ಹರಿಯುವವನು, ಕತ್ತಲಲ್ಲಿ ಟಾರ್ಚ್ ಹಿಡಿಯುವವನು, ಶೋ ಬಿಟ್ಟಾಗ ಬಾಗಿಲು ತೆಗೆಯುವವನು. ಟಾಕೀಸಿನ ಹೆಸರು ಬರೆಯುವುದಿಲ್ಲ. ಮಾಲೀಕರು ತೀರಿಕೊಂಡಿದ್ದಾರೆ. ಮಕ್ಕಳು ಅದನ್ನು ಕೆಡವಿಸಿ ಕಲ್ಯಾಣ ಮಂಟಪ ಕಟ್ಟಿದ್ದಾರೆ. ಅಲ್ಲಿಗೇ ಒಂದು ಮದುವೆಗೆ ಹೋಗಿ ಊಟ ಮಾಡಿಕೊಂಡು ಬಂದೆ. ನನಗೆ ಎಲೆ ಹಾಕಿದ್ದು ಸರಿಯಾಗಿ ಬಾಲ್ಕನಿ ಮೆಟ್ಟಿಲು ಇದ್ದ ಜಾಗದಲ್ಲಿ. ಕೂತವನು ಪಕ್ಕದವರಿಗೆ ಹೇಳೋಣ ಅಂದುಕೊಂಡೆ. ಹುಡುಗ ಫೋನು ನೋಡುತ್ತಿದ್ದ, ಬಿಟ್ಟೆ.

ನಿಮ್ಮಿಂದ ನನಗೆ ಬೇಕಾಗಿರುವುದು ಒಂದು ಹಾಳೆ. ಅದು ಯಾವ ಹಾಳೆ ಅಂತ ಹೇಳುವ ಮೊದಲು ಸ್ವಲ್ಪ ಕಥೆ ಕೇಳಬೇಕು. ಮಗಳು ಟೈಪ್ ಮಾಡುತ್ತಿದ್ದಾಳೆ, ಉದ್ದ ಆಯ್ತು ಅಂತ ಈಗಲೇ ಗೊಣಗುತ್ತಿದ್ದಾಳೆ.

2021ರಲ್ಲಿ ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದವನು ಕೆಲಸ ಬಿಟ್ಟಾಗ ಮಾಲೀಕರು ಕೊಡಬೇಕಾದ ಹಣ, ಕೇಳೋಣ ಅಂತ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿದ್ದೆ. ಅಲ್ಲಿದ್ದ ಮೇಡಂ ಒಳ್ಳೆಯವರು. ಕೂರಿಸಿ ಮಾತಾಡಿಸಿದರು.

"ಅಪಾಯಿಂಟ್‌ಮೆಂಟ್ ಲೆಟರ್ ಇದೆಯಾ?"

ಇಲ್ಲ.

"ಸಂಬಳದ ಚೀಟಿ?"

ಇಲ್ಲ.

"ಪಿ.ಎಫ್. ನಂಬರ್? ಇ.ಎಸ್.ಐ. ಕಾರ್ಡ್?"

ಇಲ್ಲ ಮೇಡಂ.

"ಸಂಬಳ ಬ್ಯಾಂಕಿಗೆ ಬರ್ತಿತ್ತಾ?"

ಕೈಗೇ ಕೊಡ್ತಿದ್ರು.

"ಮತ್ತೆ ನೀವು ಅಲ್ಲಿ ಕೆಲಸ ಮಾಡಿದ್ದಕ್ಕೆ ಸಾಕ್ಷಿ ಏನಿದೆ ಯಜಮಾನ್ರೆ?"

ಬ್ಯಾಗಿನಿಂದ ಮೂರು ಸಾಮಾನು ತೆಗೆದು ಅವರ ಮೇಜಿನ ಮೇಲೆ ಇಟ್ಟೆ. ಒಂದು, ಮೂರು ಸೆಲ್ಲಿನ ಎವರೆಡಿ ಟಾರ್ಚ್. ಅದರ ಸ್ವಿಚ್ ಇರುವ ಕಡೆ ನನ್ನ ಹೆಬ್ಬೆರಳು ಉಜ್ಜಿ ಉಜ್ಜಿ ಬಣ್ಣ ಹೋಗಿ ಬೆಳ್ಳಗಾಗಿದೆ. ಎರಡು, ಒಂದು ಶೀಲ್ಡ್. 1992ರಲ್ಲಿ ಅಣ್ಣಾವ್ರು ಮೂರು ವರ್ಷ ಬಿಟ್ಟು ಮತ್ತೆ ತೆರೆಗೆ ಬಂದರಲ್ಲ, ಆ ಸಿನಿಮಾ ನಮ್ಮಲ್ಲಿ 50 ದಿನ ಓಡಿದಾಗ ಸಿಬ್ಬಂದಿಗೆಲ್ಲ ಕೊಟ್ಟಿದ್ದು. ಅದರ ಮೇಲೆ ಸಿನಿಮಾದ ಹೆಸರಿದೆ, ಟಾಕೀಸಿನ ಹೆಸರಿದೆ, ನನ್ನ ಹೆಸರಿಲ್ಲ. "ಸಿಬ್ಬಂದಿ ವರ್ಗಕ್ಕೆ" ಅಂತ ಇದೆ. ಮೂರನೆಯದು ಒಂದು ಫೋಟೋ. ಆಯುಧಪೂಜೆ ದಿನ ಪ್ರೊಜೆಕ್ಟರಿಗೆ ಹಾರ ಹಾಕಿ ನಾವೆಲ್ಲ ಸುತ್ತ ನಿಂತಿದ್ದೇವೆ. ಹನ್ನೊಂದು ಜನ.

ಮೇಡಂ ಟಾರ್ಚ್ ಕೈಗೆ ತಗೊಂಡು ನೋಡಿದರು. "ಇದನ್ನೆಲ್ಲ ಫೈಲಿಗೆ ಹಾಕೋಕಾಗಲ್ಲ ಅಲ್ವಾ" ಅಂದರು. ನಾನೂ ಅಲ್ವಾ ಅಂದೆ.

ಗ್ರಾಚ್ಯುಟಿ ಲೆಕ್ಕ ಕಷ್ಟದ್ದೇನಲ್ಲ. ಕೊನೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷಗಳಿಂದ ಗುಣಿಸಬೇಕು. ನನ್ನ ಕೊನೆಯ ಸಂಬಳ 8,500. ವರ್ಷ 32. ಒಂದು ಲಕ್ಷ 56 ಸಾವಿರದ 900 ಚಿಲ್ಲರೆ ಬರುತ್ತದೆ. ಮಾಲೀಕರ ಮಕ್ಕಳು ಮನೆಗೆ ಕರೆಸಿ 25,000 ಕೊಟ್ಟರು, ಜೊತೆಗೆ ಒಂದು ಪಂಚೆ ಶಲ್ಯ. ಅವರೂ ಲಾಸಿನಲ್ಲಿದ್ದರು, ಸುಳ್ಳಲ್ಲ. 2020ರ ಮಾರ್ಚ್ 14ಕ್ಕೆ ರಾಜ್ಯದ ಥಿಯೇಟರ್‌ಗಳೆಲ್ಲ ಒಂದು ವಾರಕ್ಕೆ ಅಂತ ಮುಚ್ಚಿದವು. ಅಕ್ಟೋಬರ್‌ನಲ್ಲಿ ಅರ್ಧ ಸೀಟಿಗೆ ತೆರೆಯಬಹುದು ಅಂದರು. ನಮ್ಮದು ತೆರೆಯಲೇ ಇಲ್ಲ. ಆ ಒಂದು ವಾರ ಇನ್ನೂ ಮುಗಿದಿಲ್ಲ ಅಂತ ನಾನು ತಮಾಷೆ ಮಾಡುತ್ತಿರುತ್ತೇನೆ.

ಮೇಡಂ ಒಂದು ದಾರಿ ಹೇಳಿಕೊಟ್ಟರು. ಟಾಕೀಸಿಗೆ ಲೈಸೆನ್ಸ್ ಕೊಡೋದು ಡಿ.ಸಿ. ಆಫೀಸು. ಅಲ್ಲಿ ಹಳೇ ಫೈಲ್ ಇರುತ್ತೆ, ಮಾಹಿತಿ ಹಕ್ಕಿನಲ್ಲಿ ಕೇಳಿ, ಅದರಲ್ಲಿ ನಿಮ್ಮ ಹೆಸರು ಎಲ್ಲಾದರೂ ಇದ್ದರೆ ನೋಡೋಣ ಅಂದರು. 10 ರೂಪಾಯಿ ಕಟ್ಟಿ ಅರ್ಜಿ ಹಾಕಿದೆ. ಎರಡು ತಿಂಗಳಿಗೆ ಝೆರಾಕ್ಸ್ ಕಟ್ಟು ಬಂತು. ಅದನ್ನು ಓದಿದ ರಾತ್ರಿಯೇ ಈ ಪತ್ರ ಮನಸ್ಸಿನಲ್ಲಿ ಶುರುವಾಗಿದ್ದು.

ಜಿಲ್ಲಾಧಿಕಾರಿಗಳೇ, ನಿಮ್ಮ ಫೈಲು ಬಹಳ ಚೆನ್ನಾಗಿದೆ. ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ 1964, ಅದರ ಕೆಳಗೆ 1971ರ ನಿಯಮಗಳು, ಅವುಗಳ ಪ್ರಕಾರ ಎಲ್ಲ ಬರೆದಿದ್ದಾರೆ. ಒಟ್ಟು ಸೀಟು 642. ಗಾಂಧಿ ಕ್ಲಾಸ್ 180, ಸೆಕೆಂಡ್ ಕ್ಲಾಸ್ 300, ಬಾಲ್ಕನಿ 162. ಫ್ಯಾನು 38. ಬಾಗಿಲು ಎಷ್ಟು, ಒಂದೊಂದರ ಅಗಲ ಎಷ್ಟು, ಯಾವ ಕಡೆಗೆ ತೆರೆಯುತ್ತವೆ. ಗಂಡಸರ ಮೂತ್ರಾಲಯ ಎಷ್ಟು, ಹೆಂಗಸರದ್ದು ಎಷ್ಟು. ವೈರಿಂಗ್ ಸರಿ ಇದೆ ಅಂತ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್ ಸಹಿ. ಕಟ್ಟಡ ಗಟ್ಟಿ ಇದೆ ಅಂತ ಲೋಕೋಪಯೋಗಿಯವರ ಸಹಿ. ಬೆಂಕಿ ಆರಿಸೋಕೆ ಮರಳು ತುಂಬಿದ ಬಕೆಟ್ 24. ನಿಜವಾಗಿ ಇದ್ದಿದ್ದು 17, ಅದರಲ್ಲಿ ಅರ್ಧಕ್ಕೆ ಜನ ಎಲೆಅಡಿಕೆ ಉಗುಳುತ್ತಿದ್ದರು, ಅದು ಬೇರೆ ಮಾತು. ನಮ್ಮ ಆಪರೇಟರ್ ಹೆಸರೂ ಇದೆ. ಯಾಕೆಂದರೆ ಪ್ರೊಜೆಕ್ಟರ್ ಓಡಿಸೋಕೆ ಪರೀಕ್ಷೆ ಪಾಸು ಮಾಡಿ ಪರ್ಮಿಟ್ ತಗೋಬೇಕು, ಆ ಪರ್ಮಿಟ್ ನಂಬರ್ ಫೈಲಿಗೆ ಬಂದಿದೆ.

ಗೇಟ್ ಕೀಪರ್ ಅನ್ನೋ ಪದ ಎಲ್ಲೂ ಇಲ್ಲ. ಬಾಗಿಲಿನ ಅಗಲ ಅಷ್ಟು ಕರಾರುವಾಕ್ಕಾಗಿ ಅಳೆದವರು ಆ ಬಾಗಿಲು ತೆಗೆಯೋದು ಯಾರು ಅಂತ ಕೇಳಲಿಲ್ಲ.

ಈ ಕೆಲಸ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಸೇರಿದ್ದು 1988ರ ಶಿವರಾತ್ರಿಯ ದಿನ. ಜಾಗರಣೆಗೆ ಅಂತ ರಾತ್ರಿಯಿಡೀ ಶೋ ಹಾಕುತ್ತಿದ್ದರು. ಹೆಚ್ಚಿಗೆ ಕೈ ಬೇಕಾಗಿತ್ತು. ಒಂದು ರಾತ್ರಿಗೆ ಅಂತ ಕರೆದರು, ಬೆಳಗ್ಗೆ ನಾಳೆ ಮ್ಯಾಟಿನಿಗೂ ಬಾ ಅಂದರು. ತಿಂಗಳಿಗೆ 250 ರೂಪಾಯಿ. ಗಾಂಧಿ ಕ್ಲಾಸಿನ ಟಿಕೆಟ್ ಆಗ ಎರಡು ರೂಪಾಯಿ.

ಟಿಕೆಟ್ ಹರಿಯೋದಕ್ಕೂ ಒಂದು ಕ್ರಮ ಇತ್ತು. ಎರಡೂ ತುಂಡಿನಲ್ಲಿ ನಂಬರ್ ಉಳಿಯಬೇಕು. ಅರ್ಧ ಜನರ ಕೈಗೆ, ಅರ್ಧ ನಮ್ಮ ಡಬ್ಬಿಗೆ. ಮನರಂಜನಾ ತೆರಿಗೆ ಇದ್ದ ಕಾಲ. ಟ್ಯಾಕ್ಸ್ ಇನ್‌ಸ್ಪೆಕ್ಟರ್ ಹೇಳದೆ ಕೇಳದೆ ಬಂದು ಡಬ್ಬಿ ಸುರಿಸಿ ಎಣಿಸುತ್ತಿದ್ದರು. ಕೌಂಟರಿನ ಲೆಕ್ಕಕ್ಕೂ ಡಬ್ಬಿಯ ಲೆಕ್ಕಕ್ಕೂ ತಾಳೆ ಆಗಬೇಕು. ಹೊಸ ಸಿನಿಮಾದ ಮೊದಲ ದಿನ ಐದು ನಿಮಿಷದಲ್ಲಿ 300 ಜನ ನುಗ್ಗುವಾಗ ಎಡಗೈಯಲ್ಲಿ ಇಸಿದುಕೊಂಡು ಬಲಗೈಯಲ್ಲಿ ಹರಿದು ಮೊಣಕೈಯಲ್ಲಿ ತಳ್ಳಾಟ ತಡೀಬೇಕು. ಬೆರಳ ಸಂದಿ ಕಾಗದದಿಂದ ಕೊಯ್ದು ಉಪ್ಪಿನಕಾಯಿ ಮುಟ್ಟಿದರೆ ಉರಿಯುತ್ತಿತ್ತು. ಹರಿಯದೆ ಇಟ್ಟುಕೊಂಡ ಟಿಕೆಟ್ ವಾಪಸ್ ಕೌಂಟರಿಗೆ ಹೋಗಿ ಇನ್ನೊಂದು ಸಲ ಮಾರಾಟ ಆಗೋದೂ ಇತ್ತು. ನಾನೂ ಒಂದೆರಡು ಸಲ ಮಾಡಿದ್ದೇನೆ. ಇದನ್ನು ತೆಗೆಯೋಣ ಅಂದಳು ಮಗಳು. ಇರಲಿ ಅಂದೆ.

ಟಾರ್ಚ್ ವಿಷಯ. ಬೆಳಕನ್ನು ಮುಖಕ್ಕೆ ಬಿಡಬಾರದು. ಗಾಜಿನ ಮೇಲೆ ಎರಡು ಬೆರಳು ಅಡ್ಡ ಇಟ್ಟರೆ ಬೆಳಕು ಕೆಂಪಗೆ ಸಣ್ಣಗಾಗುತ್ತದೆ. ಅದನ್ನು ಬರುವವರ ಕಾಲಿನ ಒಂದು ಹೆಜ್ಜೆ ಮುಂದೆ ಇಡಬೇಕು, ಅವರು ನಡೆದಂತೆ ಬೆಳಕೂ ನಡೆಯಬೇಕು. ವಯಸ್ಸಾದ ಹೆಂಗಸರು ಬಂದರೆ "ಮೆಟ್ಟಿಲಿದೆ ಅವ್ವ, ಇನ್ನೊಂದು, ಆಯ್ತು" ಅಂತ ಪಿಸುಗುಟ್ಟಬೇಕು. ಬಿಸಿಲಿನಿಂದ ಒಳಗೆ ಬಂದವರಿಗೆ ಎರಡು ನಿಮಿಷ ಏನೂ ಕಾಣಿಸುವುದಿಲ್ಲ. ಆ ಎರಡು ನಿಮಿಷ ಅವರ ಕಣ್ಣು ನಮ್ಮ ಕೈಯಲ್ಲಿರುತ್ತದೆ. ಇನ್ನು ಬ್ಲಾಕ್ ಟಿಕೆಟಿನವರ ಜೊತೆ ಜಗಳ, ಕುಡಿದು ಬಂದವರನ್ನು ಹೆಗಲ ಮೇಲೆ ಕೈ ಹಾಕಿ ಆಚೆ ಬಿಡೋದು, ತಹಸೀಲ್ದಾರ್ ಆಫೀಸಿನ ಪಾಸು, ಪೊಲೀಸರ ಪಾಸು, ಇವೆಲ್ಲ ದಿನಾ ಇದ್ದದ್ದೇ.

ಜನ ನಮ್ಮನ್ನು ಒಳಗೆ ಬಿಡುವವರು ಅಂದುಕೊಂಡಿದ್ದಾರೆ. ನಾನೂ ಹತ್ತು ವರ್ಷ ಹಾಗೇ ಅಂದುಕೊಂಡಿದ್ದೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿಯಾಯಿತು. 59 ಜನ ಸತ್ತರು. ಬಾಲ್ಕನಿಯಲ್ಲಿದ್ದವರು ಹೊಗೆಯಲ್ಲಿ ಹೊರಗೆ ಬರಲಾಗದೆ ಉಸಿರುಗಟ್ಟಿ ಹೋದರು. ಪೇಪರಿನಲ್ಲಿ ಅದನ್ನು ಓದಿದಾಗ ನಮ್ಮ ಬಾಲ್ಕನಿ ಕಣ್ಣ ಮುಂದೆ ಬಂತು. ಅಲ್ಲಿ ಎರಡು ಬಾಗಿಲು. ಟಿಕೆಟ್ ಇಲ್ಲದ ಹುಡುಗರು ನುಗ್ಗುತ್ತಾರೆ ಅಂತ ಶೋ ಶುರುವಾದ ಮೇಲೆ ಒಂದಕ್ಕೆ ಚಿಲಕ ಹಾಕುತ್ತಿದ್ದೆ. ಮಾಲೀಕರ ಅಪ್ಪಣೆ ಅದು. ಆ ವಾರದಿಂದ ಚಿಲಕ ಹಾಕೋದು ಬಿಟ್ಟೆ. ಬದಲಿಗೆ ಒಂದು ಸ್ಟೂಲ್ ಎಳೆದುಕೊಂಡು ಆ ಬಾಗಿಲಿನ ಹತ್ತಿರವೇ ಕೂರೋಕೆ ಶುರು ಮಾಡಿದೆ. ಮಾಲೀಕರು ಕೇಳಿದರು, ಹೇಳಿದೆ. ಏನೂ ಮಾತಾಡದೆ ಹೋದರು.

ಎರಡು ವರ್ಷ ಬಿಟ್ಟು ಮಳೆಗಾಲದಲ್ಲಿ ಒಂದು ಸೆಕೆಂಡ್ ಶೋ. ಕರೆಂಟ್ ಹೋಯಿತು. ಅದೇನು ಹೊಸದಲ್ಲ, ಜನರೇಟರ್ ಹಾಕೋವರೆಗೆ ಸಿಳ್ಳೆ ಹೊಡೆಯುತ್ತಾ ಕೂತಿರುತ್ತಾರೆ. ಆವತ್ತು ಜನರೇಟರ್ ಹತ್ತಿದ ಕೂಡಲೇ ಒಂದು ಫ್ಯಾನಿನ ವೈಂಡಿಂಗ್ ಸುಟ್ಟು ಟುಪ್ ಅಂತ ಕಿಡಿ ಬಂತು, ಮತ್ತೆ ಕತ್ತಲು. ಸುಟ್ಟ ವಾಸನೆ. ಬಾಲ್ಕನಿಯಲ್ಲಿ ಯಾರೋ "ಬೆಂಕಿ" ಅಂದರು. 150 ಜನ ಒಟ್ಟಿಗೆ ಎದ್ದ ಸದ್ದು ಇದೆಯಲ್ಲ, ಆ ಹಳೇ ಕುರ್ಚಿಗಳ ಸೀಟು ಪಟಪಟ ಅಂತ ಮೇಲಕ್ಕೆ ಬಡಿಯೋದು, ಅದನ್ನು ಕೇಳಿದವರಿಗೇ ಗೊತ್ತು. ನಾನು ಎರಡೂ ಬಾಗಿಲು ಹಾರು ಹೊಡೆದು ತೆಗೆದೆ. ಟಾರ್ಚನ್ನು ಜನರ ಕಡೆ ಬಿಡದೆ ಮೆಟ್ಟಿಲಿನ ಮೇಲೆ ಬಿಟ್ಟೆ. "ಫ್ಯಾನ್ ಸುಟ್ಟಿರೋದು, ಬೆಂಕಿ ಇಲ್ಲ, ಮೆಟ್ಟಿಲು ನೋಡ್ಕೊಂಡು ಇಳೀರಿ, ಮೆಟ್ಟಿಲು ನೋಡ್ಕೊಂಡು ಇಳೀರಿ" ಅಂತ ಒಂದೇ ಮಾತನ್ನು ಒಂದೇ ದನಿಯಲ್ಲಿ ಹೇಳುತ್ತಾ ನಿಂತೆ. ಕೂಗಿದರೆ ಜನ ಇನ್ನೂ ಹೆದರುತ್ತಾರೆ. ನಾಲ್ಕು ನಿಮಿಷ ಹಿಡಿದಿರಬೇಕು. ಒಂದು ಚಪ್ಪಲಿ ರಾಶಿ, ಒಬ್ಬರ ಕೈ ಉಳುಕು, ಒಂದು ಮಗು ಅಳು. ಅಷ್ಟೇ. ಮಾರನೇ ದಿನ ಜನ ಬಂದು ಟಿಕೆಟ್ ದುಡ್ಡು ವಾಪಸ್ ಕೊಡಿ ಅಂತ ಜಗಳ ಆಡಿದರು.

ಈ ಕೆಲಸಕ್ಕೆ ನನಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ.

ಈಗ ಕಾನೂನಿನ ಮಾತಿಗೆ ಬರುತ್ತೇನೆ. ನನಗೆ ಗೊತ್ತಿರಲಿಲ್ಲ, ಮಗಳು ಹುಡುಕಿ ಹೇಳಿದಳು. ಸಿನಿಮಾ ಕಾರ್ಮಿಕರಿಗೆ ಮತ್ತು ಚಿತ್ರಮಂದಿರದ ಕಾರ್ಮಿಕರಿಗೆ ಅಂತಲೇ 1981ರಲ್ಲಿ ಕೇಂದ್ರ ಸರ್ಕಾರ ಒಂದು ಕಾಯ್ದೆ ಮಾಡಿತ್ತು. ಚಿತ್ರಮಂದಿರದಲ್ಲಿ ಐದು ಜನ ಕೆಲಸಕ್ಕಿದ್ದರೆ ಸಾಕು, ಪಿ.ಎಫ್. ಕೊಡಬೇಕು, ಗ್ರಾಚ್ಯುಟಿ ಕೊಡಬೇಕು ಅಂತ ಅದರಲ್ಲಿತ್ತು. ನಾನು ಕೆಲಸಕ್ಕೆ ಸೇರುವ ಮೊದಲೇ ಈ ಹಕ್ಕು ನನಗಿತ್ತು. ಯಾರೋ ನಮಗೋಸ್ಕರ ಬರೆದ ಕಾಗದ ಟಪಾಲಿನಲ್ಲೇ ಕಳೆದುಹೋದ ಹಾಗೆ.

ಕಳೆದುಹೋಗಿದ್ದು ಹೇಗೆ ಅಂತ ಆಮೇಲೆ ಅರ್ಥವಾಯಿತು. ಫೋಟೋದಲ್ಲಿ ನಾವು ಹನ್ನೊಂದು ಜನ. ಹಾಜರಿ ಪುಸ್ತಕದಲ್ಲಿ ಇದ್ದಿದ್ದು ನಾಲ್ಕೇ ಹೆಸರು: ಮ್ಯಾನೇಜರ್, ಆಪರೇಟರ್, ಅಸಿಸ್ಟೆಂಟ್ ಆಪರೇಟರ್, ಬುಕಿಂಗ್ ಕ್ಲರ್ಕ್. ಐದಾದರೆ ಕಾನೂನು ಬರುತ್ತದಲ್ಲ. ಗೇಟ್ ಕೀಪರ್ ನಾಲ್ವರು, ಗುಡಿಸುವ ಹೆಂಗಸರಿಬ್ಬರು, ಪೋಸ್ಟರ್ ಅಂಟಿಸುವವನು, ಏಳೂ ಜನರ ಸಂಬಳ ಒಂದು ಉದ್ದ ನೋಟ್‌ಬುಕ್ಕಿನಲ್ಲಿ "ಗೇಟ್ ಖರ್ಚು" ಅಂತ ಹೋಗುತ್ತಿತ್ತು. ಅದೇ ಪುಟದಲ್ಲಿ ಮೈದಾ ಅಂಟಿನ ಖರ್ಚು, ಫಿನಾಯಿಲ್, ಊದುಬತ್ತಿ. ಆ ನೋಟ್‌ಬುಕ್ ನಾನು ಎಷ್ಟೋ ಸಲ ನೋಡಿದ್ದೇನೆ. ಅದರಲ್ಲಿ ತಪ್ಪೇನಿದೆ ಅಂತ ಹೊಳೆದಿರಲೇ ಇಲ್ಲ. ಮಾಲೀಕರು ಕೆಟ್ಟವರಲ್ಲ. ಹೆಂಡತಿಯ ಬಾಣಂತನಕ್ಕೆ ಕೇಳದೆ ದುಡ್ಡು ಕೊಟ್ಟವರು. ಪುಸ್ತಕದಲ್ಲಿ ಹೆಸರು ಬರೆಯೋದು ಮಾತ್ರ ಅವರ ಕೈಲಾಗಲಿಲ್ಲ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1981ರ ನಮ್ಮ ಕಾಯ್ದೆ ಅದರಲ್ಲಿ ಮುಳುಗಿಹೋಯಿತು. ಈಗ ಗ್ರಾಚ್ಯುಟಿಗೆ ಹತ್ತು ಜನ ಇರಬೇಕು, ಪಿ.ಎಫ್.ಗೆ ಇಪ್ಪತ್ತು. ಮೊದಲೇ ಸೇರಿದ್ದವರ ಮಾತು ಬೇರೆ. ಆದರೆ ತಾಲೂಕು ಊರಿನಲ್ಲಿ ಉಳಿದಿರುವ ಒಂದು ಪರದೆಯ ಟಾಕೀಸು ನೋಡಿ. ರೀಲ್ ಹೋಗಿ ಡಿಜಿಟಲ್ ಬಂದ ಮೇಲೆ ಎಂಟೋ ಒಂಬತ್ತೋ ಜನರಲ್ಲಿ ನಡೆಯುತ್ತಿದೆ. ನಮ್ಮ ಕಾಲದಲ್ಲಿ ಹಕ್ಕು ತಪ್ಪಿಸೋಕೆ ನಾಲ್ಕೇ ಹೆಸರು ಬರೆಯುವ ಸರ್ಕಸ್ ಮಾಡಬೇಕಿತ್ತು. ಈಗ ಒಂಬತ್ತೂ ಹೆಸರು ಪ್ರಾಮಾಣಿಕವಾಗಿ ಬರೆದರೂ ಏನೂ ಕೊಡಬೇಕಿಲ್ಲ. ಸಚಿವರೇ, ಸಂಹಿತೆ ದೆಹಲಿಯದ್ದು, ನಿಮ್ಮ ಕೈಯಲ್ಲಿ ಪೂರ್ತಿ ಇಲ್ಲ ಅಂತ ಗೊತ್ತು. ಆದರೂ ಆ ಐದನ್ನು ಚಿತ್ರಮಂದಿರಗಳಿಗೆ ವಾಪಸ್ ತನ್ನಿ ಅಂತ ಒಂದು ಪತ್ರವನ್ನಾದರೂ ರಾಜ್ಯದಿಂದ ಬರೆಯಬಹುದಲ್ಲ.

2022ರಲ್ಲಿ ಎಂಟು ತಿಂಗಳು ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದೆ. ಸುಮ್ನೆ ಕೂರೋಕಾಗದೆ ಒಂದು ಮಲ್ಟಿಪ್ಲೆಕ್ಸಿಗೆ ಸೇರಿದೆ, ಏಜೆನ್ಸಿ ಮೂಲಕ. ಅಲ್ಲಿ ಗೇಟ್ ಕೀಪರ್ ಅನ್ನಲ್ಲ, ಅಶರ್ ಅಂತಾರೆ. ಕಪ್ಪು ಪ್ಯಾಂಟು, ಕಪ್ಪು ಶೂ, ಎದೆಗೆ ಹೆಸರಿನ ಬಿಲ್ಲೆ. ಟಿಕೆಟ್ ಹರಿಯೋ ಹಾಗಿಲ್ಲ, ಜನ ಫೋನ್ ತೋರಿಸುತ್ತಾರೆ, ಮೆಷಿನ್ ಹಿಡಿದರೆ ಕುಂಯ್ ಅನ್ನುತ್ತದೆ. ಜೊತೆಗಿದ್ದವರೆಲ್ಲ ಇಪ್ಪತ್ತು ಇಪ್ಪತ್ತೆರಡರ ಹುಡುಗರು, ರಾಯಚೂರಿನವರು, ಅಸ್ಸಾಮಿನವರು. ನನ್ನನ್ನು ಅಂಕಲ್ ಅನ್ನುತ್ತಿದ್ದರು. ಎರಡು ಶೋ ನಡುವೆ ಹದಿನೈದು ನಿಮಿಷ, ಅಷ್ಟರಲ್ಲಿ ಸೀಟಿನ ಕೆಳಗಿನ ಪಾಪ್‌ಕಾರ್ನ್ ಎಲ್ಲ ಬಳಿದು ಮುಗಿಸಬೇಕು.

ಕಷ್ಟ ಆಗಿದ್ದು ನಿಲ್ಲೋದು. ಒಂಬತ್ತು ಗಂಟೆ. ಗಿರಾಕಿಗಳ ಎದುರು ಕೂರುವಂತಿಲ್ಲ ಅಂತ ಸೂಪರ್‌ವೈಸರ್ ಹೇಳಿದ. ಒಳಗೆ ಸಾವಿರದ ಚಿಲ್ಲರೆ ಕುರ್ಚಿ, ಕಾಲು ಚಾಚುವ ಸೋಫಾ ಬೇರೆ. ಬಾಗಿಲಲ್ಲಿ ನಿಂತವನಿಗೆ ಒಂದು ಸ್ಟೂಲ್ ಇಲ್ಲ. ಕೇರಳದವರು 2018ರಲ್ಲಿ, ತಮಿಳುನಾಡಿನವರು 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರೋಕೆ ಜಾಗ ಕೊಡಲೇಬೇಕು ಅಂತ ಕಾನೂನು ತಿದ್ದಿದರು. ಈಗಿನ ಹೊಸ ಸಂಹಿತೆಯಲ್ಲೂ ನಿಂತು ಕೆಲಸ ಮಾಡುವವರಿಗೆ ಕೂರುವ ವ್ಯವಸ್ಥೆ ಇರಬೇಕು ಅನ್ನೋ ಮಾತಿದೆ. ಒಮ್ಮೆ ಟಿಕೆಟ್ ತಗೊಂಡು ಹೋಗಿ ಬಾಗಿಲಲ್ಲಿ ಸ್ಟೂಲ್ ಇದೆಯಾ ನೋಡಿ. ನನ್ನ ಮಂಡಿ ಎಂಟು ತಿಂಗಳಿಗೆ ಸಾಕು ಅಂತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಆ ಏಜೆನ್ಸಿ ನನಗೆ ಪಿ.ಎಫ್. ನಂಬರ್ ಕೊಟ್ಟಿತು. 32 ವರ್ಷಕ್ಕೆ ಸಿಗದಿದ್ದ ನಂಬರ್ ಎಂಟು ತಿಂಗಳಿಗೆ ಸಿಕ್ಕಿತು. ಸರ್ಕಾರದ ಕಂಪ್ಯೂಟರಿನ ಪ್ರಕಾರ ನಾನು ಜೀವನದಲ್ಲಿ ಎಂಟು ತಿಂಗಳು ಕೆಲಸ ಮಾಡಿದವನು.

ಇದೆಲ್ಲ ನಿಮಗೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಸಿನಿಮಾ ಟಿಕೆಟ್ ಬಗ್ಗೆ ಎಷ್ಟು ಮಾತಾಯಿತು ನೋಡಿ. 200 ರೂಪಾಯಿ ಮೀರಬಾರದು ಅಂತ 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ನಿಯಮ ತಂದಿತು, ಹತ್ತು ಹನ್ನೊಂದು ದಿನಕ್ಕೆ ಹೈಕೋರ್ಟು ತಡೆ ಕೊಟ್ಟಿತು. ಅದೇ ತಿಂಗಳು 100 ರೂಪಾಯಿವರೆಗಿನ ಟಿಕೆಟಿಗೆ ಜಿ.ಎಸ್.ಟಿ. 5 ಪರ್ಸೆಂಟ್‌ಗೆ ಇಳಿಯಿತು. ಟಿವಿಯಲ್ಲಿ ವಾರಗಟ್ಟಲೆ ಚರ್ಚೆ. ನಿರ್ಮಾಪಕರು ಮಾತಾಡಿದರು, ಮಾಲೀಕರು ಮಾತಾಡಿದರು, ಪ್ರೇಕ್ಷಕರು ಮಾತಾಡಿದರು. ಟಿಕೆಟ್ ಇಸಿದುಕೊಳ್ಳುವವನ ಮುಂದೆ ಯಾರೂ ಮೈಕ್ ಹಿಡಿಯಲಿಲ್ಲ. 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಕ್ಕೆ ಅಂತ ಕಾನೂನು ಮಾಡಿದಿರಿ, ಟಿಕೆಟ್ ಮೇಲೆ 1ರಿಂದ 2 ಪರ್ಸೆಂಟ್ ಸೆಸ್ ಹಾಕೋಕೆ. ಒಳ್ಳೆಯದೇ. ಲೈಟ್ ಹಿಡಿಯುವ ಹುಡುಗರಿಗೆ, ಮೇಕಪ್‌ನವರಿಗೆ ಸಹಾಯ ಆಗಲಿ. ಆದರೆ ಆ ಸೆಸ್ಸು ಕಟ್ಟಿದ ಟಿಕೆಟ್ ಒಳಗೆ ಹೋಗೋದು ನಮ್ಮ ಕೈ ದಾಟಿ. ಗೇಟ್ ಕೀಪರ್ ಈ ಕಾರ್ಯಕರ್ತರಲ್ಲಿ ಒಬ್ಬನೋ ಅಲ್ಲವೋ, ಒಂದು ಸಾಲಿನಲ್ಲಿ ಬಿಡಿಸಿ ಬರೆಯಿರಿ.

ಶಿಕ್ಷೆ ಕೊಡುವಾಗ ಮಾತ್ರ ನಾವು ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಉಪಹಾರ್ ಕೇಸಿನಲ್ಲಿ 2007ರಲ್ಲಿ ಕೋರ್ಟು 12 ಮಂದಿ ತಪ್ಪಿತಸ್ಥರು ಅಂದಿತು. ಮಾಲೀಕರ ಜೊತೆ, ಅಧಿಕಾರಿಗಳ ಜೊತೆ ಒಬ್ಬ ಗೇಟ್ ಕೀಪರ್ ಕೂಡ ಇದ್ದ. ಬಾಲ್ಕನಿಯನ್ನು ಇನ್ನೊಬ್ಬರಿಗೆ ಒಪ್ಪಿಸದೆ ಬಿಟ್ಟುಹೋಗಿದ್ದ ಅಂತ. ಅವನು ತಪ್ಪು ಮಾಡಿಲ್ಲ ಅಂತ ನಾನು ಹೇಳೋದಿಲ್ಲ. ಬಾಲ್ಕನಿ ಬಿಟ್ಟು ಹೋಗಬಾರದು, ಅದು ನನಗೂ ಗೊತ್ತು. 2024ರ ಡಿಸೆಂಬರ್‌ನಲ್ಲಿ ಹೈದರಾಬಾದಿನ ಸಂಧ್ಯಾ ಥಿಯೇಟರಿನಲ್ಲಿ ನೂಕುನುಗ್ಗಲಾಗಿ ಒಬ್ಬ ಹೆಣ್ಣುಮಗಳು ಸತ್ತಾಗ ಮೊದಲು ಹಿಡಿದುಕೊಂಡು ಹೋದವರಲ್ಲಿ ಬಾಲ್ಕನಿ ನೋಡಿಕೊಳ್ಳುವವನೂ ಒಬ್ಬ. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಗೇಟಿನ ಹತ್ತಿರ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಆಗಲೂ ಊರಿಗೆಲ್ಲ ಒಂದೇ ಪ್ರಶ್ನೆ: ಗೇಟ್ ಯಾಕೆ ಹಾಗಿತ್ತು, ಯಾರು ನೋಡಿಕೊಳ್ಳುತ್ತಿದ್ದರು? ಅಷ್ಟು ಜೀವದ ಹೊಣೆ ಹೊರುವ ಕೆಲಸ ಇದಾದರೆ, ಅದನ್ನು ಮಾಡುವವನ ಹೆಸರು ಅನಾಹುತಕ್ಕೆ ಮೊದಲೇ ಯಾವುದಾದರೂ ಕಾಗದದಲ್ಲಿ ಇರಬೇಕಲ್ಲವೇ?

ಆ ಹಾಳೆ ಇದೇ.

ಚಿತ್ರಮಂದಿರದ ಲೈಸೆನ್ಸ್ ಕೊಡುವಾಗ, ರಿನ್ಯೂವಲ್ ಮಾಡುವಾಗ ವೈರಿಂಗಿನದು, ಕಟ್ಟಡದ್ದು, ಬೆಂಕಿಯದು ಅಂತ ಕಾಗದ ಕೇಳುತ್ತೀರಲ್ಲ, ಅದರ ಜೊತೆಗೆ ಇನ್ನೊಂದು ಕೇಳಿ. ಇಲ್ಲಿ ಕೆಲಸ ಮಾಡುವವರು ಯಾರು, ಎಂದು ಸೇರಿದರು, ಸಂಬಳ ಎಷ್ಟು, ಯಾವ ಬಾಗಿಲು ಯಾರದ್ದು. ಏಜೆನ್ಸಿಯವರಾದರೂ ಸರಿ, ದಿನಗೂಲಿಯವರಾದರೂ ಸರಿ. ಕೆಳಗೆ ಅವರವರ ಸಹಿ ಅಥವಾ ಹೆಬ್ಬೆಟ್ಟು. ಅದರ ಒಂದು ಪ್ರತಿ ಕಾರ್ಮಿಕ ಇಲಾಖೆಗೆ ಹೋಗಲಿ, ಒಂದು ಪ್ರತಿ ಟಾಕೀಸಿನ ಗೋಡೆಗೆ ಅಂಟಿಸಲಿ, ಹೌಸ್‌ಫುಲ್ ಬೋರ್ಡಿನ ಪಕ್ಕ. ಬಕೆಟ್ ಎಣಿಸೋಕೆ ಬರುವ ಅಧಿಕಾರಿ ಜನರನ್ನೂ ಎಣಿಸಿಕೊಂಡು ಹೋಗಲಿ. ಇದಕ್ಕೆ ಹೊಸ ಇಲಾಖೆ ಬೇಡ, ಬಜೆಟ್ ಬೇಡ. ಮಾಲೀಕರಿಗೆ ಖರ್ಚು ಒಂದು ಬಿಳಿ ಹಾಳೆ.

ಆಗಲೇ ಮುಚ್ಚಿಹೋದ ಟಾಕೀಸುಗಳ ಜನ ನಾವಿದ್ದೇವಲ್ಲ, ನಮಗೆ ಇನ್ನೊಂದು ಉಪಕಾರ ಮಾಡಬಹುದು. ಟಾಕೀಸು ಎಷ್ಟು ವರ್ಷ ನಡೆಯಿತು ಅಂತ ನಿಮ್ಮ ಫೈಲಿನಲ್ಲೇ ಇದೆ. ಜೊತೆಗೆ ಕೆಲಸ ಮಾಡಿದವರ ಹೇಳಿಕೆ, ಪರ್ಮಿಟ್ ಇರುವ ಆಪರೇಟರ್ ಬರೆದುಕೊಟ್ಟ ದೃಢೀಕರಣ, ಇಂಥ ಫೋಟೋ, ಇವನ್ನು ಸೇರಿಸಿ ಸಾಕ್ಷಿ ಅಂತ ತಗೊಳ್ಳಿ ಎಂದು ಒಂದು ಸುತ್ತೋಲೆ ಹೊರಡಿಸಿ. ಆ ಮೇಡಂ ಅವರಿಗೂ ಅನುಕೂಲ ಆಗುತ್ತದೆ. ಅವರಿಗೆ ಮನಸ್ಸಿತ್ತು, ಹಿಡಿದುಕೊಳ್ಳೋಕೆ ಒಂದು ಕಾಗದ ಇರಲಿಲ್ಲ.

ನಮ್ಮ ಟಾಕೀಸಿನ ಪಟ್ಟಿ ನಾನೇ ಬರೆದು ಇಟ್ಟಿದ್ದೇನೆ. ಫೋಟೋ ನೋಡಿಕೊಂಡು ಎಡದಿಂದ ಬಲಕ್ಕೆ. ಹನ್ನೊಂದರಲ್ಲಿ ನಾಲ್ವರು ತೀರಿಕೊಂಡಿದ್ದಾರೆ, ಅವರ ಮನೆಯವರ ವಿಳಾಸ ಹಾಕಿದ್ದೇನೆ. ಗುಡಿಸುತ್ತಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬರ ಪೂರ್ತಿ ಹೆಸರು ಇಷ್ಟು ವರ್ಷ ಗೊತ್ತೇ ಇರಲಿಲ್ಲ, ಎಲ್ಲರೂ ಅಕ್ಕಮ್ಮ ಅನ್ನುತ್ತಿದ್ದೆವು. ಮೊನ್ನೆ ಅವರ ಮನೆಗೆ ಹೋಗಿ ಆಧಾರ್ ಕಾರ್ಡ್ ನೋಡಿ ಬರೆದುಕೊಂಡು ಬಂದೆ. ಆಪರೇಟರ್ ಸಹಿ ಹಾಕಿಕೊಟ್ಟಿದ್ದಾರೆ, ಪರ್ಮಿಟ್ ನಂಬರ್ ಸಮೇತ. ಯಾವ ಕಚೇರಿಗೆ, ಎಷ್ಟು ಹೊತ್ತಿಗೆ ತರಬೇಕು ಅಂತ ತಿಳಿಸಿದರೆ ತಂದುಕೊಡುತ್ತೇನೆ. ಮಂಗಳವಾರ ಮಾತ್ರ ಬೇಡ. ಅವತ್ತು ನಮ್ಮೂರ ಸಂತೆ, ಅಳಿಯನ ತರಕಾರಿ ಅಂಗಡಿಯಲ್ಲಿ ತಕ್ಕಡಿ ಹಿಡಿಯೋದು ನಾನೇ.

ಇಂತಿ,
ಒಬ್ಬ ಗೇಟ್ ಕೀಪರ್